ಗೆರೆ–ಬಣ್ಣ: ಓದುಗರ ಪ್ರಶ್ನೆ, ಡ್ರಾಯಿಂಗ್ ಟೀಚರ್ ಉತ್ತರ

ಮನೆಯಲ್ಲೇ ಕೂತು ಚಿತ್ರ ಬರೆಯಲು ಶುರು ಮಾಡುವವರು ಏನು ಬೇಕಾದರೂ ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಬರೆದದ್ದೇ ತಪ್ಪಾಯಿತು. ಪತ್ರಗಳು ಒಂದು ಬುಟ್ಟಿಯಷ್ಟು ಬಂದಿವೆ. ಮಲೆನಾಡಿನ ಪ್ರೌಢಶಾಲೆಗಳಲ್ಲಿ 31 ವರ್ಷ ಡ್ರಾಯಿಂಗ್ ಹೇಳಿಕೊಟ್ಟು ಈಗ ಸಾಗರದಲ್ಲಿ ಜಗಲಿ ಕಾಯುತ್ತಿರುವ ನನಗೆ, ಇಷ್ಟು ಮಂದಿ ಒಟ್ಟಿಗೆ ಕೈ ಎತ್ತಿದ್ದನ್ನು ತರಗತಿಯಲ್ಲೂ ಕಂಡ ನೆನಪಿಲ್ಲ. ಅರ್ಧಕ್ಕರ್ಧ ಪತ್ರಗಳು ಕೇಳುವುದು ಒಂದೇ: ಏನೇನು ಕೊಳ್ಳಬೇಕು? ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ಪ್ರಶ್ನೆ: ನನಗೆ 43 ವರ್ಷ. ಹೈಸ್ಕೂಲಿನಲ್ಲಿ ಲೋವರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂತಿದ್ದೆ. ಆಮೇಲೆ ಪೆನ್ಸಿಲ್ ಹಿಡಿದದ್ದು ಹಾಲಿನ ಲೆಕ್ಕ ಬರೆಯಲು ಮಾತ್ರ. ಮಕ್ಕಳು ಹಾಸ್ಟೆಲಿನಲ್ಲಿದ್ದಾರೆ, ಮಧ್ಯಾಹ್ನ ಎರಡು ಗಂಟೆ ಬಿಡುವು ಸಿಗುತ್ತದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ಸಾಮಾನಿನ ಪಟ್ಟಿ ಮಾಡಿದರೆ 26 ಬಾಬತ್ತು ಆಯಿತು. ನಮ್ಮವರು ನೋಡಿ, “ಇದೇನು, ಅಂಗಡಿ ಇಡುತ್ತೀಯಾ?” ಎಂದರು. ಎಲ್ಲಿಂದ ಶುರು ಮಾಡಲಿ, ಟೀಚರ್? – ಗೃಹಿಣಿ, ಹೊಸನಗರ ತಾಲ್ಲೂಕು

ಉತ್ತರ: ತಂಗೀ, ಆ ಪಟ್ಟಿಯನ್ನು ಒಲೆಗೆ ಹಾಕಿ. ನಿಮ್ಮವರ ಮಾತಿನಲ್ಲಿ ಈ ಒಂದು ಸಲ ನ್ಯಾಯವಿದೆ. ಒಂದು 2ಬಿ ಪೆನ್ಸಿಲ್, ಒಂದು 6ಬಿ ಪೆನ್ಸಿಲ್, ರಬ್ಬರ್, ಬ್ಲೇಡು, ಗೆರೆಯಿಲ್ಲದ ದಪ್ಪ ಹಾಳೆಯ ಒಂದು ಪುಸ್ತಕ, ಇಷ್ಟಾದರೆ ಆಯಿತು. ಸೀಸದ ಕಡ್ಡಿ ಎಂದು ನಾವು ಕರೆಯುವುದರಲ್ಲಿ ಸೀಸ ಇಲ್ಲವೇ ಇಲ್ಲ. ಇರುವುದು ಗ್ರಾಫೈಟ್ ಮತ್ತು ಜೇಡಿಮಣ್ಣು. ಜೇಡಿ ಕಡಿಮೆಯಾದಷ್ಟೂ ಕಡ್ಡಿ ಮೆತ್ತಗೆ, ಗೆರೆ ಕಪ್ಪಗೆ; ‘ಬಿ’ ಪಕ್ಕದ ಅಂಕಿ ಹೇಳುವುದು ಅದನ್ನೇ. ಮಕ್ಕಳ ಕಂಪಾಸ್ ಪೆಟ್ಟಿಗೆಯಲ್ಲಿರುವ ಎಚ್‌ಬಿಯನ್ನು ಎಷ್ಟು ಒತ್ತಿದರೂ ಬೂದುಬಣ್ಣ ಬರುತ್ತದೆಯೇ ಹೊರತು ಕಪ್ಪು ಬರುವುದಿಲ್ಲ. ಅದರಲ್ಲೇ ನೆರಳು ತುಂಬಲು ಹೋಗಿ ಹಾಳೆ ಹರಿದು, ನನಗೆ ಚಿತ್ರ ಬರುವುದಿಲ್ಲ ಎಂದು ಕೈಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ.

ಬರೆಯುವುದು ಏನನ್ನು? ಮೊಬೈಲಿನ ಸೂರ್ಯಾಸ್ತ ಬೇಡ. ಅಡುಗೆಮನೆಯ ಮೆಟ್ಟುಗತ್ತಿ ತಂದು ಎದುರಿಗಿಟ್ಟುಕೊಳ್ಳಿ. ದಿನಾ ಅದರ ಮಣೆ ಮೆಟ್ಟಿ ತರಕಾರಿ ಹೆಚ್ಚುವ ನಿಮಗೆ ಅದರ ಆಕಾರ ಚೆನ್ನಾಗಿ ಗೊತ್ತು. ತೊಂದರೆ ಇರುವುದೇ ಅಲ್ಲಿ. ಮೊದಲ ದಿನ ನೀವು ಬರೆಯುವುದು ಎದುರಿಗಿರುವ ಮೆಟ್ಟುಗತ್ತಿಯನ್ನಲ್ಲ, ತಲೆಯೊಳಗಿರುವುದನ್ನು: ಒಂದು ಮಣೆ, ಅದರ ಮೇಲೊಂದು ಬಿದಿಗೆ ಚಂದ್ರ. ಅದನ್ನು ಹಾಗೇ ಇಟ್ಟುಕೊಂಡು ಇನ್ನೊಂದು ಹಾಳೆ ತೆಗೆಯಿರಿ. ಈ ಸಲ ಕತ್ತಿಯ ಕಡೆ ನೋಡಲೇಬೇಡಿ. ಬಾಗಿದ ಅಲಗಿಗೂ ಕೆಳಗಿನ ಮಣೆಗೂ ನಡುವೆ ಹಿಂದಿನ ಗೋಡೆ ಕಾಣುತ್ತದಲ್ಲ, ಆ ಖಾಲಿ ಜಾಗವನ್ನು ನೋಡಿ. ಅದಕ್ಕೆ ಹೆಸರಿಲ್ಲ, ಹೆಸರಿಲ್ಲದ್ದರಿಂದ ತಲೆಯೊಳಗೆ ಅದರ ಸಿದ್ಧ ಚಿತ್ರವೂ ಇಲ್ಲ. ಅದು ಮುರಿದ ಹಪ್ಪಳದ ಚೂರಿನ ಹಾಗಿದೆಯೋ, ಮಾವಿನಕಾಯಿ ಹೋಳಿನ ಹಾಗಿದೆಯೋ? ಎಲ್ಲಿ ಅಗಲ, ಎಲ್ಲಿ ಕಿರಿದು? ಆ ಜಾಗದ ಅಂಚನ್ನಷ್ಟೇ ನಿಧಾನಕ್ಕೆ ಬರೆಯಿರಿ. ಮುಗಿಸುವ ಹೊತ್ತಿಗೆ ಅಲಗಿನ ಒಳಬಾಗು ತಾನಾಗಿ ಬಂದು ಕೂತಿರುತ್ತದೆ. ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ನನಗೆ ಪತ್ರ ಬರೆಯಿರಿ.

ಒಂದು ವಾರ ಮೆಟ್ಟುಗತ್ತಿಯಾದ ಮೇಲೆ ಹಿತ್ತಾಳೆ ಚೊಂಬು. ಪರೀಕ್ಷೆಗೆ ಕೂರುತ್ತಿದ್ದ ಮಕ್ಕಳು ಚೊಂಬಿನ ಬಾಯನ್ನು ಅಂಡಾಕಾರವಾಗಿ ಸರಿಯಾಗಿಯೇ ಬರೆದು, ತಳಕ್ಕೆ ಬಂದಾಗ ಅಡಿಪಟ್ಟಿ ಇಟ್ಟ ಹಾಗೆ ನೇರ ಗೆರೆ ಎಳೆದುಬಿಡುತ್ತಿದ್ದರು. ಚೊಂಬು ನೆಲದ ಮೇಲೆ ಸಮನಾಗಿ ಕೂತಿದೆ ಎಂಬ ತಿಳಿವಳಿಕೆ ಕೈಯನ್ನು ಹಾಗೆ ಎಳೆಸುತ್ತದೆ. ಕಣ್ಣಿನ ಮಟ್ಟಕ್ಕಿಂತ ಕೆಳಗಿಳಿದಷ್ಟೂ ಸುತ್ತು ಹೆಚ್ಚು ದುಂಡಗೆ ಕಾಣುತ್ತದೆ. ಹಾಗಾಗಿ ತಳದ ಬಾಗು ಬಾಯಿಯ ಬಾಗಿಗಿಂತ ಹೆಚ್ಚು. ನಂಬಿಕೆ ಬಾರದಿದ್ದರೆ ಒಂದು ಗಾಜಿನ ಲೋಟಕ್ಕೆ ನೀರು ತುಂಬಿ ನೋಡಿ.

ಬಣ್ಣಕ್ಕೆ ಎರಡು ತಿಂಗಳು ತಡೆಯಿರಿ. ತಡೆಯಲು ಆಗದಿದ್ದರೆ ಅಡಿಕೆ ಬೇಯಿಸುವ ಮನೆಗೆ ಹೋಗಿ ಒಂದು ಬಾಟಲಿ ಚೊಗರು (ಅಡಿಕೆ ಬೆಂದ ನೀರು) ಕೇಳಿ ತನ್ನಿ. ಬಟ್ಟೆಯಲ್ಲಿ ಸೋಸಿ, ಐದು ಬಟ್ಟಲಿಗೆ ಬಗ್ಗಿಸಿ, ಒಂದೊಂದಕ್ಕೆ ಒಂದೊಂದು ಪ್ರಮಾಣದಲ್ಲಿ ನೀರು ಬೆರೆಸಿದರೆ ತೆಳು ಚಹಾದ ಬಣ್ಣದಿಂದ ಗಟ್ಟಿ ಕೆಂಗಂದಿನವರೆಗೆ ಐದು ಛಾಯೆ ಸಿಗುತ್ತವೆ. ಇನ್ನೊಂದು ಬಟ್ಟಲಿಗೆ ತುಕ್ಕು ಹಿಡಿದ ಎರಡು ಮೊಳೆ ಹಾಕಿ ಕೆಲವು ದಿನ ಬಿಡಿ. ಚೊಗರಿನ ಒಗರಿಗೆ ಕಬ್ಬಿಣ ಸೇರಿ ಬಣ್ಣ ಕಪ್ಪಿಗೆ ತಿರುಗುತ್ತದೆ. ಬಿಸಿಲು ಬೀಳುವ ಗೋಡೆಗೆ ಈ ಚಿತ್ರ ತೂಗುಹಾಕಬೇಡಿ. ಹಳೆಯ ಸೀರೆ ಉಟ್ಟು ಕೂರಿ. ಚೊಗರಿನ ಕಲೆಯ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ.

ಜಲವರ್ಣಕ್ಕೆ ಇಳಿದ ದಿನ ದುಡ್ಡನ್ನು ಕಾಗದಕ್ಕೆ ಹಾಕಿ, ಬಣ್ಣಕ್ಕಲ್ಲ. ಶಾಲಾ ಮಕ್ಕಳ ಬಣ್ಣವೂ ಒಳ್ಳೆಯ ಕಾಗದದ ಮೇಲೆ ಮಾತು ಕೇಳುತ್ತದೆ. ತೆಳು ಡ್ರಾಯಿಂಗ್ ಶೀಟಿನ ಮೇಲೆ ಎಂಥ ದುಬಾರಿ ಬಣ್ಣವೂ ಮಡುಗಟ್ಟುತ್ತದೆ. ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದ ಕೇಳಿ. 22 ಇಂಚು ಅಗಲ, 30 ಇಂಚು ಉದ್ದದ ಒಂದು ಪೂರ್ತಿ ಹಾಳೆಯಲ್ಲಿ ಏಳೂವರೆ ಇಂಚಿಗೆ 11 ಇಂಚಿನ ಎಂಟು ತುಂಡು ಬರುತ್ತವೆ. ತಂದ ದಿನವೇ ಕತ್ತರಿಸಿಬಿಡಿ. ನಾನು ಬೆಂಗಳೂರಿನಿಂದ ಮೊದಲ ಸಲ ಅಂಥ ಹಾಳೆ ತಂದಾಗ ಅದರ ಬಿಳುಪು ನೋಡಿ ಕೈ ಹಾಕಲು ಧೈರ್ಯ ಬರಲಿಲ್ಲ. ಕೈ ಪಳಗಲಿ ಎಂದು ಸುರುಳಿ ಸುತ್ತಿ ಕಪಾಟಿನ ಮೇಲಿಟ್ಟೆ. ನಾಲ್ಕು ವರ್ಷದ ಮೇಲೆ ಬಿಚ್ಚಿದರೆ ಗೆದ್ದಲು ತನ್ನ ಚಿತ್ರ ಬರೆದು ಮುಗಿಸಿತ್ತು.

ಪ್ರಶ್ನೆ: ಶಿವಮೊಗ್ಗದಲ್ಲಿ ಬ್ಯಾಂಕ್ ನೌಕರಿ. ಭಾನುವಾರ ಊರಿಗೆ ಹೋದಾಗ ತೋಟ, ಗದ್ದೆ, ಗುಡ್ಡ ಬರೆಯುತ್ತೇನೆ. ಆಕಾಶ ಪರವಾಗಿಲ್ಲ, ಆದರೆ ಹಸಿರು ಮಾತ್ರ ಪ್ಲಾಸ್ಟಿಕ್ ಬಕೆಟ್ಟಿನ ಹಸಿರಾಗುತ್ತದೆ. ಏನು ಮಾಡಲಿ? – ಓದುಗ, ಶಿವಮೊಗ್ಗ

ಉತ್ತರ: ತಮ್ಮಾ, ಹಸಿರಿನ ಟ್ಯೂಬನ್ನು ಆರು ತಿಂಗಳು ಯಾರಿಗಾದರೂ ಕೊಟ್ಟುಬಿಡು. ಮಲೆನಾಡಿನಲ್ಲಿ ಹುಟ್ಟಿದವನಿಗೆ ಹಸಿರೇ ಕಷ್ಟ, ಏಕೆಂದರೆ ಇಲ್ಲಿ ಅದು ಒಂದು ಬಣ್ಣವಲ್ಲ. ಸಸಿಮಡಿಯ ಹಸಿರು ಮುಕ್ಕಾಲು ಪಾಲು ಹಳದಿ. ಅಡಿಕೆ ಸೋಗೆಯದು ನೀಲಿಗೆ ವಾಲಿದ್ದು. ಹಲಸಿನ ಎಲೆ ಬಿಸಿಲಿಗೆ ಹೊಳೆದಾಗ ಹಸಿರೇ ಅಲ್ಲ, ಬಿಳಿ. ಎರಡು ಹಳದಿ ಇಟ್ಟುಕೋ, ನಿಂಬೆಹಳದಿ ಮತ್ತು ಯೆಲ್ಲೋ ಓಕರ್. ಎರಡು ನೀಲಿ, ಅಲ್ಟ್ರಾಮರೀನ್ ಮತ್ತು ಪ್ರಶ್ಯನ್ ಬ್ಲೂ. ಬೆರೆಸಿದರೆ ನಾಲ್ಕು ಹಸಿರಾದವು. ಒಂದೊಂದಕ್ಕೂ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣದ ಒಂದು ತೊಟ್ಟು ಸೇರಿಸಿದರೆ ಎಂಟು. ಎಲ್ಲವನ್ನೂ ನೀರು ಹೆಚ್ಚಿಸಿ ತೆಳುವಾಗಿ ಒಮ್ಮೆ ಬಳಿದರೆ ಹದಿನಾರು. ಒಂದು ತುಂಡು ಕಾಗದದಲ್ಲಿ ಹದಿನಾರು ಚೌಕ ತುಂಬಿ, ಕೆಳಗೆ ಏನೇನು ಬೆರೆಸಿದೆ ಎಂದು ಬರೆದು, ಆ ಕಾಗದ ಹಿಡಿದು ತೋಟಕ್ಕೆ ಹೋಗು. ಸೀರೆಗೆ ರವಿಕೆ ಬಟ್ಟೆ ಹೊಂದಿಸುವ ಹಾಗೆ ಎಲೆಯ ಪಕ್ಕ ಇಟ್ಟು ನೋಡು. ಕಾಡಿನ ಒಳಗತ್ತಲೆಗೆ ಕಪ್ಪು ಬಣ್ಣ ಮುಟ್ಟಬೇಡ. ಪ್ರಶ್ಯನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಗಟ್ಟಿಯಾಗಿ ಬೆರೆಸಿದರೆ ಆ ಕತ್ತಲೆ ಬರುತ್ತದೆ.

ದೂರದ ಗುಡ್ಡದಲ್ಲಿ ಹಸಿರಿರುವುದು ನಿನಗೆ ಗೊತ್ತು, ಕಣ್ಣಿಗೆ ಕಾಣುವುದಿಲ್ಲ. ನಡುವಿನ ಗಾಳಿ ಬೆಳಕನ್ನು ಚದುರಿಸಿ ಅದನ್ನು ನೀಲಿ ಮಾಡಿರುತ್ತದೆ. 1,343 ಮೀಟರ್ ಎತ್ತರದ ಕೊಡಚಾದ್ರಿಯೂ ದೂರದಿಂದ ನೋಡಿದರೆ ಒಂದು ತೊಳೆದ ನೀಲಿ ಅಷ್ಟೇ. ಮೈಸೂರಿನ ಚಿತ್ರಕಲಾವಿದ ಕೆ. ವೆಂಕಟಪ್ಪ (1886–1965) ಜಲವರ್ಣದಲ್ಲಿ ಬರೆದ ಊಟಿಯ ದೃಶ್ಯಗಳು ಎಲ್ಲಾದರೂ ಅಚ್ಚಿನಲ್ಲಿ ಸಿಕ್ಕರೆ, ಬೆಟ್ಟದ ಸಾಲಿನಿಂದ ಸಾಲಿಗೆ ಬಣ್ಣ ಹೇಗೆ ಇಳಿಯುತ್ತದೆ ಎಂಬುದನ್ನು ಮಾತ್ರ ನೋಡು. ನಕಲು ಮಾಡಬೇಡ.

ಪ್ರಶ್ನೆ: ನಮ್ಮದು ಆಗುಂಬೆ ಕಡೆ. ಮಳೆಗಾಲದಲ್ಲಿ ಬಣ್ಣ ಒಣಗುವುದಿಲ್ಲ, ಕಾಗದಕ್ಕೆ ಬೂಷ್ಟು ಬರುತ್ತದೆ. ನಾಲ್ಕು ತಿಂಗಳು ಸುಮ್ಮನೆ ಕೂರಬೇಕೇ? – ಕಾಲೇಜು ವಿದ್ಯಾರ್ಥಿನಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕಾಗದ ಬಣ್ಣವನ್ನು ಕೂಡಲೇ ಕುಡಿದುಬಿಡದಿರಲಿ ಎಂದು ತಯಾರಿಸುವಾಗಲೇ ಅದಕ್ಕೆ ಗಂಜಿ ಅಥವಾ ಅಂಟು ಹಾಕಿರುತ್ತಾರೆ. ತೇವ ತಗುಲಿದರೆ ಬೂಷ್ಟು ಮೊದಲು ತಿನ್ನುವುದು ಅದನ್ನು. ಆಮೇಲೆ ಆ ಜಾಗದಲ್ಲಿ ಕುಂಚ ಇಟ್ಟರೆ ಹಳೆಯ ಕಾಲದ ಒತ್ತುಕಾಗದದ ಹಾಗೆ ಬಣ್ಣ ಇಂಗಿ ಚುಕ್ಕೆಯಾಗುತ್ತದೆ. ಕಾಗದವನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡು. ಬಾಂಡಲೆಯಲ್ಲಿ ಚೆನ್ನಾಗಿ ಹುರಿದು ಆರಿಸಿದ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟುಕಟ್ಟಿ ಜೊತೆಗಿಟ್ಟು, ವಾರಕ್ಕೊಮ್ಮೆ ಮತ್ತೆ ಹುರಿ. ಒಲೆಯ ಮೇಲಿನ ಅಟ್ಟ ಒಳ್ಳೆಯದೆಂದು ಯಾರಾದರೂ ಹೇಳಿದರೆ ನಂಬಬೇಡ. ನಾನು ಇಪ್ಪತ್ತು ಹಾಳೆ ಇಟ್ಟು ನೋಡಿದ್ದೇನೆ. ಬೂಷ್ಟು ಬರಲಿಲ್ಲ ನಿಜ, ಹಾಳೆಗಳು ಮಾತ್ರ ವಾಟೆಹುಳಿಯ ಬಣ್ಣಕ್ಕೆ ಬಂದು ಅದೇ ವಾಸನೆ ಹೊಡೆಯುತ್ತಿದ್ದವು.

ಒಣಗದಿರುವುದನ್ನು ಉಪಯೋಗಕ್ಕೆ ಹಚ್ಚಿಕೋ. ಬೇಸಿಗೆಯಲ್ಲಿ ಒದ್ದೆ ಕಾಗದದ ಮೇಲೆ ಬಣ್ಣ ಹರಿಯಬಿಡಲು ಎರಡು ನಿಮಿಷವೂ ಸಿಗುವುದಿಲ್ಲ. ಪುಷ್ಯ ಮಳೆಯ ದಿನಗಳಲ್ಲಿ ಒಂದು ಲೋಟ ಕಾಫಿ ಕುಡಿದು ಬಂದರೂ ಹಾಳೆ ಒದ್ದೆಯಾಗಿಯೇ ಇರುತ್ತದೆ. ಮಂಜು ಬರೆಯಲು ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಪ್ರಶ್ನೆ: ನಾಲ್ಕನೇ ತರಗತಿಯ ಮಗಳು ಮೊಬೈಲಿನಲ್ಲಿ ನೋಡಿ ಕಾರ್ಟೂನುಗಳನ್ನೇ ಬರೆಯುತ್ತಾಳೆ. ಬಿಡಿಸಲೇ? – ತಂದೆ, ಭದ್ರಾವತಿ

ಉತ್ತರ: ಬೇಡ. ಅವಳು ಬರೆಯುತ್ತಿದ್ದಾಳೆ, ನೀವು ಬರೆಯುತ್ತಿಲ್ಲ. ದಿನಕ್ಕೆ ಹತ್ತು ನಿಮಿಷ ಅವಳ ಪಕ್ಕ ಕೂತು ಮನೆಯ ಬೆಕ್ಕನ್ನು ನೀವೂ ಬರೆಯಿರಿ. ನಿಮ್ಮ ಬೆಕ್ಕು ಅವಳಿಗಿಂತ ಕೆಟ್ಟದಾಗಿ ಬರುತ್ತದೆ. ಅದನ್ನು ಅವಳು ತಿದ್ದಲು ಬರುತ್ತಾಳೆ, ತಿದ್ದಲು ಬೆಕ್ಕಿನ ಕಡೆ ನೋಡುತ್ತಾಳೆ.

ಪ್ರಶ್ನೆ: ನಮ್ಮಜ್ಜಿ ಮದುವೆಮನೆಗಳಲ್ಲಿ ಹಸೆಗೋಡೆ ಬರೆಯುತ್ತಿದ್ದವರು. ಈಗ ನಮ್ಮ ಗೋಡೆಗೆಲ್ಲ ಆಯಿಲ್ ಪೇಂಟ್. ಹಸೆ ಚಿತ್ತಾರವನ್ನು ನಾನು ಕಾಗದದ ಮೇಲೆ, ಅಕ್ರಿಲಿಕ್ ಬಣ್ಣದಲ್ಲಿ ಮಾಡಿದರೆ ತಪ್ಪಾಗುತ್ತದೆಯೇ? – ಯುವತಿ, ಸೊರಬ ತಾಲ್ಲೂಕು

ಉತ್ತರ: ತಪ್ಪಿಲ್ಲ, ಆದರೆ ನಷ್ಟವಿದೆ. ದೀವರ ಸಮುದಾಯದ ಹೆಣ್ಣುಮಕ್ಕಳು ಈ ಚಿತ್ತಾರಕ್ಕೆ ಏನನ್ನೂ ಪೇಟೆಯಿಂದ ತರುತ್ತಿರಲಿಲ್ಲ: ಕೆಮ್ಮಣ್ಣಿನ ಕೆಂಪು, ನೆನೆಸಿ ಅರೆದ ಅಕ್ಕಿಯ ಬಿಳಿ, ಸೀಯುವಂತೆ ಹುರಿದು ಅರೆದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿ, ಪುಂಡಿನಾರಿನ ಕುಂಚ. ಆ ನಾರು ಒಂದು ಸಲ ಅದ್ದಿದರೆ ಎಷ್ಟು ಹಿಟ್ಟು ಹೀರುತ್ತದೋ ಅಷ್ಟೇ ಉದ್ದ ಗೆರೆ ಬರುತ್ತದೆ. ಕೊನೆಗೆ ಬರುತ್ತ ತೆಳುವಾಗುತ್ತದೆ, ಮತ್ತೆ ಅದ್ದಿ ಮುಂದುವರಿಸಿದಲ್ಲಿ ಒಂದು ಸಣ್ಣ ಗಂಟು ಬೀಳುತ್ತದೆ. ಹತ್ತಿರದಿಂದ ನೋಡಿದರೆ ಆ ಹೆಂಗಸು ಎಲ್ಲಿ ಉಸಿರು ಬಿಟ್ಟಳು ಎಂಬುದು ಗೋಡೆಯ ಮೇಲೆ ಇದೆ. ಅಕ್ರಿಲಿಕ್ಕನ್ನು ಅಡಿಪಟ್ಟಿ ಇಟ್ಟು ಎಳೆದರೆ ಗೆರೆ ನೇರ ಬರುತ್ತದೆ, ಚಿತ್ತಾರ ಬರುವುದಿಲ್ಲ. ಅಂಗಡಿಗಳಲ್ಲಿ ಚೌಕಟ್ಟು ಹಾಕಿ ಮಾರುವ ಎಷ್ಟೋ ಹಸೆಗಳನ್ನು ನೋಡಿದಾಗ ನನಗೆ ಗ್ರಾಫ್ ಪುಸ್ತಕ ನೆನಪಾಗುತ್ತದೆ.

ಅಜ್ಜಿ ಇದ್ದಾರೆಯೇ, ಇಲ್ಲವೇ? ನೀವು ಬರೆದಿಲ್ಲ. ಇದ್ದರೆ ಈ ಅಂಕಣ ಓದುವುದನ್ನು ನಿಲ್ಲಿಸಿ ಅವರ ಹತ್ತಿರ ಹೋಗಿ. ಇಲ್ಲದಿದ್ದರೆ ದೊಡ್ಡ ಗೋಡೆಗೆ ಕೈ ಹಾಕುವ ಮೊದಲು ಭೂಮಣ್ಣಿ ಬುಟ್ಟಿಯಿಂದ ಶುರು ಮಾಡಿ. ಆಶ್ವಯುಜದ ಭೂಮಿ ಹುಣ್ಣಿಮೆಗೆ ಹೇಗೂ ಬುಟ್ಟಿ ಬೇಕು. ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು ಒಣಗಿಸಿದ ಬುಟ್ಟಿಯ ಮೇಲೆ ಅಕ್ಕಿಹಿಟ್ಟಿನ ಗೆರೆ ಚೆನ್ನಾಗಿ ಹಿಡಿಯುತ್ತದೆ. ತಪ್ಪಿದರೆ ಇನ್ನೊಂದು ಕೈ ಕೆಮ್ಮಣ್ಣು ಬಳಿದರಾಯಿತು, ಯಾವ ರಬ್ಬರೂ ಬೇಡ. ಕಾಗದವೇ ಬೇಕೆಂದರೆ ದಪ್ಪ ರಟ್ಟಿಗೆ ಕೆಮ್ಮಣ್ಣಿನ ಜೊತೆ ಸ್ವಲ್ಪ ಗೋಂದು ಬೆರೆಸಿ ಬಳಿದುಕೊಳ್ಳಿ.

ಪ್ರಶ್ನೆ: ವಯಸ್ಸು 68. ಕೈ ಸಣ್ಣಗೆ ನಡುಗುತ್ತದೆ. ಈಗ ಚಿತ್ರಕಲೆ ಶುರು ಮಾಡುವುದು ಹಾಸ್ಯಾಸ್ಪದವಲ್ಲವೇ? – ನಿವೃತ್ತ ಗುಮಾಸ್ತ, ಸಾಗರ

ಉತ್ತರ: ರಾಯರೇ, ನಡುಗುವುದು ಬೆರಳು, ಭುಜವಲ್ಲ. ಪೆನ್ಸಿಲ್ ಬಿಡಿ, ಇದ್ದಿಲು ಹಿಡಿಯಿರಿ. ಹಳೆಯ ಕ್ಯಾಲೆಂಡರಿನ ಹಿಂಬದಿಯನ್ನು ಗೋಡೆಗೆ ಅಂಟಿಸಿ, ನಿಂತುಕೊಂಡು, ಭುಜದಿಂದ ಕೈ ಬೀಸಿ ದೊಡ್ಡದಾಗಿ ಬರೆಯಿರಿ. ಕ್ಯಾಲೆಂಡರ್ ತೀರಾ ನುಣುಪಾಗಿದ್ದರೆ ಇದ್ದಿಲು ಜಾರುತ್ತದೆ. ಆಗ ಒರಟಾದ ಕಂದು ಪ್ಯಾಕಿಂಗ್ ಕಾಗದ ತನ್ನಿ. ಇದ್ದಿಲಿಗೆ ದುಡ್ಡು ಕೊಡಬೇಡಿ. ಬೆರಳುದ್ದದ ಹುಣಸೆ ಕಡ್ಡಿಗಳ ಸಿಪ್ಪೆ ಕೆರೆದು ಒಂದು ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಹೊಡೆದು, ಬಚ್ಚಲೊಲೆಯ ಕೆಂಡದಲ್ಲಿ ಹೂಳಿ. ತೂತಿನಿಂದ ಬರುವ ಹೊಗೆ ಪೂರ್ತಿ ನಿಂತ ಮೇಲೆ ಹೊರಗೆಳೆದು, ತೂತಿಗೆ ಒದ್ದೆ ಮಣ್ಣು ಮೆತ್ತಿ ಹಾಗೇ ಬಿಡಿ. ಮುಚ್ಚಳ ತೆಗೆಯುವುದು ಮರುದಿನ ಬೆಳಿಗ್ಗೆ. ಬಿಸಿ ಇರುವಾಗಲೇ ತೆಗೆದರೆ ಗಾಳಿ ಸೋಕಿ ಹೊತ್ತಿಕೊಳ್ಳುತ್ತದೆ. ಮೊದಲ ಸಲ ಅವಸರ ಮಾಡಿ ನನಗೆ ಸಿಕ್ಕಿದ್ದು ಒಂದು ಡಬ್ಬಿ ಬೂದಿ. ಅಂದಿನ ಪಾತ್ರೆ ತಿಕ್ಕಲು ಒದಗಿತು.