ದೇವರನ್ನು ಬಿಟ್ಟ ಮಗ, ಅವ್ವನ ಎರಡು ಸಾವಿರ

ಇಲ್ಲಿ ಹೆಸರು ಬರೆಯುವುದಿಲ್ಲ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಆತ ಮತ್ತು ಆತನ ತಾಯಿ ಇಬ್ಬರೂ ಒಪ್ಪಿದ ಮೇಲೆಯೇ ಬರೆಯುತ್ತಿದ್ದೇನೆ.

ಆತನಿಗೆ 31 ವರ್ಷ. ಉತ್ತರ ಕರ್ನಾಟಕದ ಒಂದು ಹಳ್ಳಿ, ಲಿಂಗಾಯತ ಮನೆತನ, ಮನೆಯಿಂದ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಮಠ. ಈಗ ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸ. ಎರಡು ತಿಂಗಳಿಂದ ಸರಿಯಾಗಿ ನಿದ್ದೆ ಇಲ್ಲ ಅಂತ ಆಪ್ತ ಸಲಹೆಗಾರ್ತಿಯಾದ ನನ್ನ ಹತ್ತಿರ ಬಂದಿದ್ದರು. ಮೊದಲ ದಿನ ಹೇಳಿದ್ದು ಇದು: "ಮೇಡಂ, ಊರಿಗೆ ಹೋದರೆ ನಾನು ಧರ್ಮಗೇಡಿ, ಇಲ್ಲಿ ಗೆಳೆಯರ ನಡುವೆ ಬಡವರ ವಿರೋಧಿ. ಎಲ್ಲಿ ಕೂತುಕೊಳ್ಳಲಿ ಹೇಳಿ."

ನಂಬಿಕೆ ಹೋಗಿದ್ದಕ್ಕೆ ದೊಡ್ಡ ಘಟನೆ ಏನೂ ಇಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಓದುತ್ತಾ, ಯೋಚಿಸುತ್ತಾ ತಾನಾಗಿ ಹೋಗಿದೆ. ಇಷ್ಟಲಿಂಗವನ್ನು ಅದನ್ನಿಡುವ ಕರಡಿಗೆ ಸಮೇತ ಟ್ರಂಕಿನಲ್ಲಿಟ್ಟರು. ಊರಿಗೆ ಹೊರಡುವಾಗ ಮಾತ್ರ ತೆಗೆದು ಕೊರಳಿಗೆ ಹಾಕಿಕೊಳ್ಳುವುದು, ವಾಪಸ್ ಬರುವಾಗ ಬಸ್ಸಿನಲ್ಲೇ ಬಿಚ್ಚುವುದು. ಹೀಗೇ ಹತ್ತು ವರ್ಷ ನಡೆಯಿತು. ತಂದೆ ತೀರಿಕೊಂಡ ಮರುವರ್ಷ ಜಾತ್ರೆಗೆ ಹೋದಾಗ, ಮನೆಗೆ ಬಂದ ಸ್ವಾಮಿಗಳ ಪಾದಪೂಜೆಗೆ ಹಿರಿಯ ಮಗನೇ ಕೂರಬೇಕು ಅಂತಾಯಿತು. ಕೂತವರು ಅರ್ಧಕ್ಕೆ ಎದ್ದುಬಿಟ್ಟರು. "ನನಗೆ ಇದರಲ್ಲಿ ನಂಬಿಕೆ ಇಲ್ಲ, ನಾಟಕ ಮಾಡೋಕೆ ಆಗಲ್ಲ" ಅಂದರು. ನಲವತ್ತು ಜನ ಬಂಧುಗಳ ಮುಂದೆ. ಭಾವ ಎಲ್ಲರೆದುರು ಬೈದರು.

ಇಲ್ಲಿಗೆ ನಿಂತಿದ್ದರೆ ಬೇರೆ ಮಾತು. ಅದೇ ರಾತ್ರಿ ಸಿಟ್ಟಿನಲ್ಲಿ ಮನೆಯವರ ವಾಟ್ಸಾಪ್ ಗ್ರೂಪಿಗೆ ಉದ್ದಕ್ಕೆ ಬರೆದರು. ಬಿಟ್ಟಿ ಭಾಗ್ಯಗಳಿಂದ ಜನ ಸೋಮಾರಿಗಳಾಗುತ್ತಿದ್ದಾರೆ, ನಾನು ಕಟ್ಟುವ ತೆರಿಗೆ ಗೃಹಲಕ್ಷ್ಮಿ ಅಂತ ಹೋಗುತ್ತೆ, ಅಲ್ಲಿಂದ ನಮ್ಮವ್ವನ ಕೈಗೆ, ಅವ್ವನ ಕೈಯಿಂದ ಮಠದ ಹುಂಡಿಗೆ ಅಂತ. ಅವ್ವನಿಗೆ ಓದಲು ಬರುವುದಿಲ್ಲ. ಮೊಮ್ಮಗಳು ಜೋರಾಗಿ ಓದಿ ಹೇಳಿದಳು.

ಬೆಂಗಳೂರಿನ ಗೆಳೆಯರು ವಿಚಾರವಾದಿಗಳು. ಅಲ್ಲಿ ದೇವರ ತಂಟೆ ಇಲ್ಲ, ಆದರೆ ಗೃಹಲಕ್ಷ್ಮಿಯಂಥ ಸರ್ಕಾರಿ ಗ್ಯಾರಂಟಿಗಳ ಬಗ್ಗೆ ಒಂದು ಪ್ರಶ್ನೆ ಕೇಳಿದರೂ ಮುಖ ತಿರುಗಿಸುತ್ತಿದ್ದರಂತೆ. ದೇವರನ್ನು ಬಿಟ್ಟವರು ಉಳಿದ ವಿಷಯಗಳಲ್ಲೂ ಒಂದೇ ಥರ ಯೋಚಿಸಬೇಕು ಅಂತ ಯಾರು ಹೇಳಿದ್ದು? ಇದು ಕೂಡ ಒಂದು ಮಠದಂತೆಯೇ ಆಗಿಬಿಡುತ್ತದೆ, ಇದನ್ನು ನಾನು ಬೇರೆ ಪ್ರಕರಣಗಳಲ್ಲೂ ನೋಡಿದ್ದೇನೆ.

ಮೂರನೇ ಸಲ ಬಂದಾಗ ಕೇಳಿದೆ: "ಸಿಟ್ಟು ಪಕ್ಕಕ್ಕಿಡಿ. ಈ ಯೋಜನೆಗಳು ಹೇಗಿರಬೇಕು ಅಂತ ನಿಮ್ಮ ನಿಜವಾದ ಅಭಿಪ್ರಾಯ ಏನು?" ನಿಧಾನವಾಗಿ ಹೇಳಿದರು. ಮನೆಯೊಡತಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುತ್ತಿದ್ದರೆ ಗೃಹಲಕ್ಷ್ಮಿಯ 2000 ರೂಪಾಯಿ ಈಗಲೂ ಇಲ್ಲ, ಆದರೆ ತೆರಿಗೆ ಕಟ್ಟದ ಹಣವಂತರೂ ಹಳ್ಳಿಯಲ್ಲಿ ಬೇಕಾದಷ್ಟಿದ್ದಾರೆ. ಹತ್ತಾರು ಎಕರೆ ನೀರಾವರಿ ಇದ್ದವರೂ ತಗೊಳ್ಳುತ್ತಾರೆ. ಅತ್ತ ವಿಧವಾ ವೇತನ ತಿಂಗಳಿಗೆ ಬರೀ 800. ಅವರಿಂದ ಕಡಿಮೆ ಮಾಡಿ ಇವರಿಗೆ ಜಾಸ್ತಿ ಕೊಡಬೇಕು ಅಲ್ವಾ ಅಂದರು.

ಇದು ಬಡವರ ವಿರೋಧದ ಮಾತಲ್ಲ. ಹಾಗಂತ ಹೇಳಿದೆ. ಸೋಸಲು ಹೊರಟರೆ ಬಡವರೇ ಮೊದಲು ಜರಡಿಯಿಂದ ಉದುರುತ್ತಾರೆ, 2024ರ ನವೆಂಬರಿನಲ್ಲಿ ಅನರ್ಹ ಬಿಪಿಎಲ್ ಕಾರ್ಡ್ ರದ್ದು ಮಾಡಲು ಹೋಗಿ ಅರ್ಹರ ಕಾರ್ಡೂ ಹೋಯಿತು ಅಂತ ಗದ್ದಲವಾಗಿತ್ತಲ್ಲ, ಆ ಭಯ ನನಗಿದೆ ಅಂತಲೂ ಹೇಳಿದೆ. ಸಲಹೆಗಾರರು ತಮ್ಮ ಅಭಿಪ್ರಾಯ ಹೇಳಬಾರದು ಅನ್ನುವವರಿದ್ದಾರೆ. ಆತ ನೇರವಾಗಿ ಕೇಳಿದರು, ಒಂದು ಸಲ ಹೇಳಿ ಬಿಟ್ಟೆ. ಆತ ಒಪ್ಪಲಿಲ್ಲ. ಒಪ್ಪಬೇಕಾಗಿಯೂ ಇರಲಿಲ್ಲ.

ಆದರೆ "ಬಿಟ್ಟಿ", "ಸೋಮಾರಿ" ಈ ಎರಡು ಮಾತನ್ನು ನಾನು ಬಿಡಲಿಲ್ಲ. ಎಂಟನೇ ತರಗತಿಯಿಂದ ಪಿಯುಸಿವರೆಗೆ ಎಲ್ಲಿದ್ದು ಓದಿದಿರಿ ಅಂತ ಕೇಳಿದೆ. ಮಠದ ಪ್ರಸಾದ ನಿಲಯದಲ್ಲಿ. ಐದು ವರ್ಷ, ಒಂದು ರೂಪಾಯಿ ಕಟ್ಟದೆ, ದಿನಾ ಎರಡು ಹೊತ್ತು ಊಟ. ಅದರಿಂದ ಸೋಮಾರಿಯಾದಿರಾ? ಆತ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದರೆ ಮಠದ ಅನ್ನ ತಿಂದವನು ದೇವರನ್ನು ನಂಬಲೇಬೇಕು ಅಂತೀರಾ?" ಅಂದರು. ಖಂಡಿತ ಇಲ್ಲ. ಹಸಿದವರಿಗೆ ಹಾಕಿದ ಊಟಕ್ಕೆ ನಂಬಿಕೆ ಬಡ್ಡಿಯಲ್ಲ. ದಾಸೋಹದ ಆಶಯವೇ ಅದು, ಕೇಳದೆ ಬಡಿಸುವುದು. ಸರ್ಕಾರ ಶಾಲೆಯ ಬಿಸಿಯೂಟಕ್ಕೆ ಅಕ್ಷರ ದಾಸೋಹ ಅಂತ ಹೆಸರಿಟ್ಟದ್ದೂ ಸುಮ್ನೆ ಅಲ್ಲ.

ನಂಬದವನು ತಾನೊಬ್ಬನೇ ಅನ್ನುವ ಭಾವನೆ ಗಟ್ಟಿಯಾಗಿ ಕೂತಿತ್ತು. 2011ರ ಜನಗಣತಿಯಲ್ಲಿ ಸುಮಾರು 28.7 ಲಕ್ಷ ಜನ ತಮ್ಮ ಧರ್ಮ ಯಾವುದು ಅಂತ ಹೇಳಿರಲಿಲ್ಲ, ಎಲ್ಲರೂ ನಾಸ್ತಿಕರಲ್ಲ, ಆದರೆ ಅದರಲ್ಲಿ ನಿಮ್ಮಂಥವರೂ ಇದ್ದೇ ಇರುತ್ತಾರೆ ಅಂದೆ. ಸಂವಿಧಾನದ 25ನೇ ವಿಧಿಯ ಆತ್ಮಸಾಕ್ಷಿಯ ಸ್ವಾತಂತ್ರ್ಯ ನಿಮಗೂ ಇದೆ, 2014ರಲ್ಲಿ ಬಾಂಬೆ ಹೈಕೋರ್ಟ್ ಕೂಡ ಯಾವ ಧರ್ಮವೂ ಇಲ್ಲ ಅಂತ ಹೇಳುವ ಹಕ್ಕು ಇದೆ ಅಂದಿದೆ ಅಂತ ತಿಳಿಸಿದೆ. ಸ್ವಲ್ಪ ಹಗುರಾದರು. ಆದರೆ ಗಾಯ ಇದ್ದದ್ದು ಅಲ್ಲಲ್ಲ.

ಅವರ ಒಪ್ಪಿಗೆ ತಗೊಂಡು ತಾಯಿಯ ಜೊತೆ ಫೋನಿನಲ್ಲಿ ಮಾತಾಡಿದೆ. ಆಕೆ ಹೇಳಿದ್ದನ್ನು ಅದೇ ಮಾತಿನಲ್ಲಿ ಬರೆಯುತ್ತೇನೆ. "ಅಂವ ಲಿಂಗ ಕಟ್ಟಂಗಿಲ್ಲ ಅಂತ ನನಗ ಮೊದಲ ಗೊತ್ತಿತ್ರಿ. ದಿನಾ ಕೊರಳಾಗಿದ್ರ ಶಿವದಾರ ಬೆವರಿಗೆ ಕರ್ರಗಾಗ್ತೈತಿ. ಇವಂದು ಬಂದಾಗೊಮ್ಮೆ ಹೊಸಾದ. ಅಂವ ಹೇಳ್ಲಿಲ್ಲ, ನಾ ಕೇಳ್ಲಿಲ್ಲ." ಸ್ವಲ್ಪ ತಡೆದು, "ಆದ್ರ ನನ್ನ ರೊಕ್ಕದ ಲೆಕ್ಕ ಮಂದಿ ಮುಂದ ಹಾಕಿದ್ನಲ್ರಿ, ಅದು ಮನಸ್ಸಿಗೆ ಹತ್ತೈತಿ. ನಾ ಹುಟ್ಟಿದಾಗಿಂದ ಯಾರನ್ನೂ ಕೇಳಲಾರದ ಖರ್ಚು ಮಾಡಿದ್ದು ಇದೊಂದ ರೊಕ್ಕರಿ."

ಆಕೆಯ ಲೆಕ್ಕವೂ ಕೇಳಿ. ಬಿಪಿ ಮಾತ್ರೆ, ಗ್ಯಾಸ್ ಸಿಲಿಂಡರಿಗೆ ಅಂತ ತೆಗೆದಿಡುವುದು, ಮೊಮ್ಮಗಳ ನೋಟ್ ಬುಕ್ಕು, ಸಂಘದ ಉಳಿತಾಯ. ಮಠಕ್ಕೆ 101 ರೂಪಾಯಿ.

ಮುಂದಿನ ಸಲ ಆತನಿಗೆ ನಾನು ಕೊಟ್ಟ ಸಲಹೆ ಹೀಗಿತ್ತು. ನಂಬದೆ ಇದ್ದದ್ದಕ್ಕೆ ಕ್ಷಮೆ ಕೇಳಬೇಡಿ. ಯೋಜನೆಗಳ ಬಗ್ಗೆ ಇರುವ ಅಭಿಪ್ರಾಯಕ್ಕೂ ಬೇಡ. ಅವ್ವನನ್ನು ಉದಾಹರಣೆ ಮಾಡಿದ್ದಕ್ಕೆ ಕೇಳಿ, ಫೋನಿನಲ್ಲಲ್ಲ, ಹೋಗಿ ಎದುರಿಗೆ ಕೂತು ಕೇಳಿ. ಆಮೇಲೆ ಅದೇ ಗ್ರೂಪಿನಲ್ಲಿ ನಾಲ್ಕು ಸಾಲು ಬರೆಯಿರಿ, ಯಾಕೆಂದರೆ ಅವಮಾನ ಆದದ್ದು ಅಲ್ಲೇ. ಇನ್ನು ಮುಂದೆ ಶಿವದಾರದ ವೇಷ ಬೇಡ, ಹತ್ತು ವರ್ಷ ಅದು ನಿಮ್ಮನ್ನೇ ಸುಟ್ಟಿದೆ. ಜಾತ್ರೆಯಲ್ಲಿ ಏನು ಮಾಡುತ್ತೀರಿ, ಏನು ಮಾಡುವುದಿಲ್ಲ ಅಂತ ಅವ್ವನಿಗೆ ಒಂದು ತಿಂಗಳು ಮೊದಲೇ ಹೇಳಿ, ಪೂಜೆಯ ಹೊತ್ತಿನಲ್ಲಿ ಅಲ್ಲ. ಭಾವನ ಹತ್ತಿರ ವಾದಕ್ಕೆ ಹೋಗಬೇಡಿ, ಆತನಿಗೆ ಗೆಲ್ಲಬೇಕಾಗಿದೆ, ಅಷ್ಟೇ. ಗೆಳೆಯರ ಹತ್ತಿರ ಮಾತ್ರ ನಿಮ್ಮ ಮಾತನ್ನು ಪೂರ್ತಿ ಹೇಳಿ, 800 ರೂಪಾಯಿಯ ಲೆಕ್ಕದ ಸಮೇತ. ಕೇಳದಿದ್ದರೆ ಬೇರೆ ಗೆಳೆಯರು ಸಿಗುತ್ತಾರೆ.

ಎಲ್ಲವೂ ಸರಿಹೋಗಿಲ್ಲ. ಭಾವ ಈಗಲೂ ಮಾತಾಡುವುದಿಲ್ಲ. ಒಬ್ಬ ಗೆಳೆಯ ದೂರವಾದ. ಈ ವರ್ಷ ಪಾದಪೂಜೆಗೆ ತಂಗಿ ಕೂತಳು, ಕೆಲವರು ಗೊಣಗಿದರು, ಪೂಜೆ ಮುಗಿಯಿತು. ಆತ ದಾಸೋಹದ ಪಂಕ್ತಿಯಲ್ಲಿ ಬಕೆಟ್ ಹಿಡಿದು ಗೋಧಿ ಹುಗ್ಗಿ ಬಡಿಸಿದರು. ಹಣೆಗೆ ವಿಭೂತಿ ಇರಲಿಲ್ಲ, ಯಾರೂ ಕೇಳಲಿಲ್ಲವಂತೆ.

ಹೋದ ತಿಂಗಳು ಗೃಹಲಕ್ಷ್ಮಿ ಕಂತು ತಡವಾಗಿತ್ತು. ಬ್ಯಾಂಕಿಗೆ ಕೊಟ್ಟಿರುವುದು ಆತನ ಮೊಬೈಲ್ ನಂಬರ್. ಆ ಜಗಳದ ನಂತರ ಅವ್ವ ಹಣ ಬಂತಾ ಅಂತ ಆತನನ್ನು ಕೇಳುವುದನ್ನೇ ಬಿಟ್ಟಿದ್ದರು, ತಾವೇ ಬ್ಯಾಂಕಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಮೊನ್ನೆ ಬೆಳಿಗ್ಗೆ ಆತನಿಗೆ ಫೋನ್ ಬಂತಂತೆ: "ತಮ್ಮಾ, ಮೆಸೇಜ್ ಬಂದೈತೇನು ನೋಡು."