ಮಾತು ತಡವಾದರೆ ಕಾಯಬೇಕಾ?

ಪ್ರಶ್ನೆ: ಮಗನಿಗೆ 2 ವರ್ಷ ತುಂಬಿದೆ. ಒಂದು ಪದವನ್ನೂ ಸ್ಪಷ್ಟವಾಗಿ ಹೇಳುತ್ತಿಲ್ಲ, ಕರೆದರೆ ಎಷ್ಟೋ ಸಲ ತಿರುಗುವುದೂ ಇಲ್ಲ. ‘ಗಂಡು ಮಕ್ಕಳಿಗೆ ಮಾತು ತಡ, ಸುಮ್ನೆ ಗಾಬರಿಯಾಗಬೇಡ’ ಎನ್ನುತ್ತಾರೆ ಮನೆಯವರು. ಏನು ಮಾಡಲಿ?

ಉತ್ತರ: ಕಾಯಬೇಡಿ. ಈ ವಯಸ್ಸಿಗೆ ಹೆಚ್ಚಿನ ಮಕ್ಕಳು ಎರಡು ಪದ ಸೇರಿಸಿ ಹೇಳುತ್ತಾರೆ, ಹಾಗಾಗಿ ನಿಮ್ಮ ಆತಂಕಕ್ಕೆ ಅರ್ಥವಿದೆ. ಮೊದಲು ಕಿವಿಯ ಪರೀಕ್ಷೆ ಮಾಡಿಸಿ. ಬಾಗಿಲು ಬಡಿದರೆ ತಿರುಗುತ್ತಾನಲ್ಲ, ಕಿವಿ ಸರಿ ಇದೆ ಅಂದುಕೊಳ್ಳಬೇಡಿ. ಜೋರು ಸದ್ದು ಕೇಳಿಸಿಯೂ ಮಾತಿನೊಳಗಿನ ಮೆಲುವಾದ ಸದ್ದುಗಳು ಕೇಳಿಸದೆ ಇರಬಹುದು, ಇದು ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಜೊತೆಗೆ ಮಕ್ಕಳ ವೈದ್ಯರ ಹತ್ತಿರ ಬೆಳವಣಿಗೆಯ ತಪಾಸಣೆ ಆಗಲಿ. ಮಾತು ತಡವಾಗಲು, ಕರೆದರೆ ತಿರುಗದಿರಲು ಆಟಿಸಂ (ಮಾತು, ಬೆರೆಯುವಿಕೆಯಲ್ಲಿ ವ್ಯತ್ಯಾಸ ಕಾಣುವ ಬೆಳವಣಿಗೆಯ ಸ್ಥಿತಿ) ಕೂಡ ಕಾರಣವಿರಬಹುದು; ಅದು ಹೌದೋ ಅಲ್ಲವೋ ಎಂದು ತೀರ್ಮಾನವಾಗುವವರೆಗೆ ಸ್ಪೀಚ್ ಥೆರಪಿ (ಮಾತು ಕಲಿಯಲು ನೆರವಾಗುವ ತರಬೇತಿ) ಮುಂದೂಡಬೇಕಿಲ್ಲ. ಮೊದಲ 3 ವರ್ಷ ಮಿದುಳು ಬಲು ಬೇಗ ಬೆಳೆಯುತ್ತದೆ, ಆಗ ಸಿಕ್ಕ ನೆರವು ಜಾಸ್ತಿ ಫಲ ಕೊಡುತ್ತದೆ. ಒಂದು ವೇಳೆ ತೊಂದರೆ ಏನೂ ಇಲ್ಲ ಅಂತಾದರೂ ನೀವು ಕಳೆದುಕೊಳ್ಳುವುದೇನೂ ಇಲ್ಲ.

ಥೆರಪಿ ವಾರಕ್ಕೆ ಕೆಲವೇ ಗಂಟೆ, ಉಳಿದ ಹೊತ್ತೆಲ್ಲ ಅವನು ನಿಮ್ಮ ಜೊತೆಗೇ ಅಲ್ವಾ? ಸ್ನಾನ ಮಾಡಿಸುವಾಗ, ಬಟ್ಟೆ ಹಾಕುವಾಗ ಅವನ ಮುಖದ ಎದುರು ಕೂತು ‘ನೀರು’, ‘ಕಾಲು’ ಎಂದು ಹೇಳಿ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿರಿ. ಉತ್ತರಿಸಲು ಅವನಿಗೆ ಸಮಯ ಬೇಕು. ಕಣ್ಣಲ್ಲಿ ನೋಡಿದರೂ, ಬೆರಳು ತೋರಿಸಿದರೂ ಅದು ಉತ್ತರವೇ. ಕೈಸನ್ನೆ, ಚಿತ್ರ ಬಳಸಿದರೆ ಮಾತು ನಿಂತುಹೋಗುತ್ತದೆ ಎಂಬ ಭಯ ಬೇಡ. ಈಗ ಆಡುತ್ತಿರುವ ಒಂದೆರಡು ಅಸ್ಪಷ್ಟ ಶಬ್ದವೂ ನಿಂತುಹೋದರೆ ತಡಮಾಡದೆ ವೈದ್ಯರಿಗೆ ತಿಳಿಸಿ.