ಸೈನ್ಯ ಬಿಟ್ಟ ಜಾಕೆಟ್ಟು, ಸಂಗೀತ ತೊಟ್ಟ ಜಾಕೆಟ್ಟು

ಪ್ರಶ್ನೆ: 1960ರ ದಶಕದ ಬ್ರಿಟನ್ನಿನ ಮಾಡ್ ಯುವಕರ ಚಿತ್ರಗಳಲ್ಲಿ ಒಳಗೆ ಅಚ್ಚುಕಟ್ಟಾದ ಸೂಟು, ಅದರ ಮೇಲೆ ಜೋತುಬಿದ್ದ ಹಸಿರು ಸೇನಾ ಕೋಟು ಕಾಣಿಸುತ್ತದೆ. ಉಡುಪಿನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದವರು ಅಮೆರಿಕದ ಸೈನಿಕರ ಈ ದೊಗಲೆ ಕೋಟನ್ನು ಏಕೆ ಆರಿಸಿಕೊಂಡರು?

ಉತ್ತರ: ಆ ಸೂಟಿನ ಮೇಲಿನ ಅಕ್ಕರೆಯೇ ಅದಕ್ಕೆ ಕಾರಣ. ಆಧುನಿಕ ಜಾಝ್ ಕೇಳುತ್ತಿದ್ದವರಿಗೆ ಅಂಟಿಕೊಂಡ ‘ಮಾಡರ್ನಿಸ್ಟ್’ ಎಂಬ ಹೆಸರು ಕಿರಿದಾಗಿ ‘ಮಾಡ್’ ಆಯಿತು. ಜಾಝ್‌ನಿಂದ ಅಮೆರಿಕದ ಸೋಲ್ ಸಂಗೀತಕ್ಕೂ ಜಮೈಕಾದ ಸ್ಕಾಕ್ಕೂ ಒಲಿದ ಈ ಯುವಕರು ಸಂಬಳದ ದೊಡ್ಡ ಪಾಲನ್ನು ಇಟಲಿಯ ಮಾದರಿಯಲ್ಲಿ ಮೈಗೊಪ್ಪುವಂತೆ ಹೊಲಿಸಿದ ಸೂಟಿಗೆ ಸುರಿಯುತ್ತಿದ್ದರು. ಓಡಾಟಕ್ಕೆ ವೆಸ್ಪಾ ಇಲ್ಲವೇ ಲ್ಯಾಂಬ್ರೆಟ್ಟಾ ಸ್ಕೂಟರು. ಇಂಗ್ಲೆಂಡಿನ ಮಳೆ, ರಸ್ತೆಯ ಕೆಸರು, ಎಂಜಿನ್ನಿನ ಎಣ್ಣೆ ಇವುಗಳ ನಡುವೆ ಸೂಟನ್ನು ಕ್ಲಬ್ಬಿನ ಬಾಗಿಲವರೆಗೆ ಕೊಳೆಯಾಗದಂತೆ ಒಯ್ಯಲು ಅಗ್ಗದ, ಉದ್ದನೆಯ ಹೊರ ಹೊದಿಕೆಯೊಂದು ಬೇಕಿತ್ತು, ಮತ್ತು ಅದು ಸೇನೆಯ ಹೆಚ್ಚುವರಿ ಸಾಮಾನು ಮಾರುವ ಸರ್‌ಪ್ಲಸ್ ಅಂಗಡಿಗಳಲ್ಲಿ ತೂಗುಹಾಕಿತ್ತು.

ಎಂ-51 ಎಂಬ ಆ ಪಾರ್ಕಾ, ಅಂದರೆ ತಲೆ ಮುಚ್ಚುವ ಟೋಪಿಯಿರುವ ಉದ್ದ ಕೋಟು, ಕೊರಿಯಾ ಯುದ್ಧದ ಕಾಲದ್ದು. ಎಂ-48 ಎಂಬ ಹಿಂದಿನ ಮಾದರಿಯನ್ನು ಸರಳಗೊಳಿಸಿ ಅಮೆರಿಕದ ಸೇನೆ ಅದನ್ನು ರೂಪಿಸಿತು. ಕೊರೆಯುವ ಚಳಿಯಲ್ಲಿ ಉಳಿದೆಲ್ಲ ಬಟ್ಟೆಗಳ ಮೇಲೆ ತೊಡಲೆಂದು ಅಗಲವಾಗಿ ಕತ್ತರಿಸಿದ್ದರಿಂದಲೇ ಅದು ಸಪೂರ ಮೈಯ ಯುವಕರ ಮೇಲೆ ಹಾಗೆ ಜೋತುಬೀಳುತ್ತಿತ್ತು. ಹಿಂಭಾಗದ ಅಂಚು ನಡುವೆ ಸೀಳಿಕೊಂಡು ಮೀನಿನ ಬಾಲದಂತೆ ಇಳಿದಿರುವುದರಿಂದ ಫಿಷ್‌ಟೇಲ್ ಎಂಬ ಹೆಸರು ಬಂತು. ಗಾಳಿ ಒಳನುಗ್ಗದಂತೆ ಆ ಎರಡು ಎಸಳುಗಳನ್ನು ತೊಡೆಗಳಿಗೆ ಸುತ್ತಿ ದಾರದಿಂದ ಬಿಗಿಯಲು ಸೈನಿಕನಿಗೆ ಅನುಕೂಲವಿತ್ತು.

ಇದರೊಂದಿಗೆ ಇನ್ನೊಂದು ಸಂಗತಿಯನ್ನೂ ನೆನೆಯಬೇಕು, ನನ್ನ ಮಟ್ಟಿಗೆ ಇಡೀ ಕಥೆಯ ಜೀವಾಳ ಅದೇ. ಬ್ರಿಟನ್ನಿನಲ್ಲಿ 1949ರಿಂದ ಹದಿನೆಂಟು ತುಂಬಿದ ಗಂಡುಮಕ್ಕಳಿಗೆ ‘ನ್ಯಾಷನಲ್ ಸರ್ವಿಸ್’ ಎಂಬ ಹೆಸರಿನಲ್ಲಿ ಸೇನಾಸೇವೆ ಕಡ್ಡಾಯವಾಗಿತ್ತು. ಹದಿನೆಂಟು ತಿಂಗಳಿದ್ದ ಆ ಅವಧಿಯನ್ನು 1950ರಲ್ಲಿ ಎರಡು ವರ್ಷಕ್ಕೆ ಏರಿಸಿದ್ದು ಇದೇ ಕೊರಿಯಾ ಯುದ್ಧ. 1960ರ ಕೊನೆಯಲ್ಲಿ ಕರೆ ನಿಂತಿತು. ಕೊನೆಯ ತಂಡ 1963ರಲ್ಲಿ ಮನೆಗೆ ಮರಳಿತು. ಅಂದರೆ ಅಣ್ಣಂದಿರು ಸಾರ್ಜೆಂಟನ ಗದರಿಕೆಗೆ ಬೆದರಿ ತೊಟ್ಟ ಬಗೆಯ ಬಟ್ಟೆಯನ್ನು ತಮ್ಮಂದಿರು ತಮ್ಮದೇ ದುಡ್ಡು ಕೊಟ್ಟು, ತಮ್ಮದೇ ಇಷ್ಟದಿಂದ, ಗುಂಡಿ ಹಾಕದೆ ತೊಟ್ಟರು. ತೋಳಿನ ಮೇಲೆ, ಬೆನ್ನಿನ ಮೇಲೆ ರಾಯಲ್ ಏರ್ ಫೋರ್ಸಿನ ವೃತ್ತಚಿಹ್ನೆಯನ್ನೂ ಅಂಟಿಸಿಕೊಂಡರು. ಹೊರಗೆ ನೀಲಿ, ನಡುವೆ ಬಿಳಿ, ಒಳಗೆ ಕೆಂಪು ಇರುವ ಆ ಗುರುತು ಯುದ್ಧವಿಮಾನದ ರೆಕ್ಕೆಯಿಂದ ಪಾಪ್ ಕಲೆಗೆ, ಅಲ್ಲಿಂದ ‘ದ ಹೂ’ ಎಂಬ ಬ್ರಿಟಿಷ್ ರಾಕ್ ತಂಡದ ಅಂಗಿಗೆ ದಾಟಿತ್ತು.

1964ರ ಈಸ್ಟರ್ ರಜೆಯಲ್ಲಿ ಇಂಗ್ಲೆಂಡಿನ ಕಡಲತೀರದ ಊರುಗಳಾದ ಕ್ಲ್ಯಾಕ್ಟನ್‌ನಲ್ಲಿಯೂ ಮೇ ತಿಂಗಳ ರಜೆಯಲ್ಲಿ ಮಾರ್ಗೇಟ್ ಮತ್ತು ಬ್ರೈಟನ್‌ಗಳಲ್ಲಿಯೂ ಮಾಡ್‌ಗಳು ಚರ್ಮದ ಜಾಕೆಟ್ಟು ತೊಟ್ಟು ಮೋಟಾರುಬೈಕು ಓಡಿಸುವ ರಾಕರ್‌ಗಳೆಂಬ ಎದುರು ಗುಂಪಿನೊಡನೆ ಹೊಡೆದಾಡಿದ ಸುದ್ದಿ ಪತ್ರಿಕೆಗಳನ್ನು ತುಂಬಿತು. ಆದರೆ ‘ಮಾಡ್ ಎಂದರೆ ಪಾರ್ಕಾ’ ಎಂಬ ಸಮೀಕರಣವನ್ನು ಗಟ್ಟಿಗೊಳಿಸಿದ್ದು ಆ ಕಾದಾಟವಲ್ಲ. ‘ದ ಹೂ’ ತಂಡದ 1973ರ ‘ಕ್ವಾಡ್ರೋಫೀನಿಯಾ’ ಆಲ್ಬಮ್ಮನ್ನು ಆಧರಿಸಿ 1979ರಲ್ಲಿ ತೆರೆಕಂಡ ಚಿತ್ರ. ಆ ವರ್ಷ ಮರುಹುಟ್ಟು ಪಡೆದ ಮಾಡ್ ಯುವಕರಿಗೆ ಪಾರ್ಕಾ ಸೂಟಿನ ರಕ್ಷಕನಾಗಿ ಉಳಿದಿರಲಿಲ್ಲ, ಅದೇ ಮುಖ್ಯ ಉಡುಪಾಗಿತ್ತು. 1990ರ ದಶಕದಲ್ಲಿ ಒಯಾಸಿಸ್ ತಂಡದ ಲಿಯಾಮ್ ಗ್ಯಾಲಗರ್ ಪಾರ್ಕಾ ತೊಟ್ಟು ವೇದಿಕೆಗೆ ಬಂದಾಗ ಅಭಿಮಾನಿಗಳು ಅದರಲ್ಲಿ ಕಂಡದ್ದು ಕೊರಿಯಾವನ್ನಲ್ಲ, ಈ ಹಾಡಿನ ಪರಂಪರೆಯನ್ನು.

ಪ್ರಶ್ನೆ: ಜಿಮಿ ಹೆಂಡ್ರಿಕ್ಸ್, ಮಿಕ್ ಜಾಗರ್ ಮೊದಲಾದ ರಾಕ್ ಸಂಗೀತಗಾರರು ತೊಟ್ಟ ಕೆಂಪು-ಚಿನ್ನದ ಬಣ್ಣದ ಜಾಕೆಟ್ಟುಗಳು ನಿಜವಾದ ಸಮವಸ್ತ್ರಗಳೇ? ಸೈನಿಕರಲ್ಲದವರು ಅವನ್ನು ತೊಡುವುದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲವೇ?

ಉತ್ತರ: ಹಲವು ನಿಜವಾದವೇ. ಬ್ರಿಟಿಷ್ ಸೇನೆ 1902ರಲ್ಲಿ ಖಾಕಿಯನ್ನು ಸಾಮಾನ್ಯ ಸೇವಾ ಉಡುಪಾಗಿ ಮಾಡಿಕೊಂಡ ಮೇಲೆ ಕೆಂಪು ಅಂಗಿ ಮೆರವಣಿಗೆಗೆ ಸೀಮಿತವಾಯಿತು. ಮೊದಲ ಮಹಾಯುದ್ಧದ ನಂತರ ಗಾರ್ಡ್ಸ್ ದಳಗಳು ಮತ್ತು ವಾದ್ಯವೃಂದಗಳ ಹೊರಗೆ ಅದು ಅಪರೂಪವಾಯಿತು. ಹೀಗೆ ಪೆಟ್ಟಿಗೆ ಸೇರಿದ ವಿಕ್ಟೋರಿಯಾ ಕಾಲದ ಬಟ್ಟೆಗಳು 1960ರ ದಶಕದಲ್ಲಿ ಲಂಡನ್ನಿನ ಪೋರ್ಟೊಬೆಲ್ಲೊ ರಸ್ತೆಯ ಹಳೆ ಸಾಮಾನಿನ ಸಂತೆಗೆ ಬಂದವು. ಅಲ್ಲಿನ ‘ಐ ವಾಸ್ ಲಾರ್ಡ್ ಕಿಚನರ್ಸ್ ವ್ಯಾಲೆ’ ಎಂಬ ಅಂಗಡಿಯ ಹೆಸರಿಗೆ ‘ನಾನು ಲಾರ್ಡ್ ಕಿಚನರನ ಆಪ್ತಸೇವಕನಾಗಿದ್ದೆ’ ಎಂದು ಅರ್ಥ. 1914ರ ಸೇನಾ ಭರ್ತಿಯ ಭಿತ್ತಿಚಿತ್ರದಿಂದ ಬೆರಳು ಚಾಚಿ ತರುಣರನ್ನು ಕರೆದ ಆ ಸೇನಾನಿಯ ಉಡುಪಿನ ಕಪಾಟು ಈಗ ತೆರೆದಿದೆ ಎಂಬ ಧ್ವನಿ ಆ ಹೆಸರಿನಲ್ಲಿದೆ. ಜಾಗರ್ 1966ರಲ್ಲಿ ಟೆಲಿವಿಷನ್ ಕಾರ್ಯಕ್ರಮದಲ್ಲಿ ತೊಟ್ಟ ಕೆಂಪು ಅಂಗಿ ಇಲ್ಲಿಂದಲೇ ಹೋದದ್ದು. ಆದರೆ 1967ರ ‘ಸಾರ್ಜೆಂಟ್ ಪೆಪ್ಪರ್’ ಆಲ್ಬಮ್ಮಿನ ಹೊದಿಕೆಯಲ್ಲಿ ಬೀಟಲ್ಸ್ ತೊಟ್ಟವು ಹಳೆಯವಲ್ಲ. ನಾಟಕದ ಉಡುಪು ತಯಾರಕರು ಸ್ಯಾಟಿನ್ ಬಟ್ಟೆಯಲ್ಲಿ ಹೊಸದಾಗಿ ಹೊಲಿದವು.

ಹೆಂಡ್ರಿಕ್ಸ್‌ನ ಜಾಕೆಟ್ಟಿನ ಎದೆಯ ಮೇಲೆ ಅಡ್ಡಡ್ಡಲಾಗಿ ಸಾಗುವ ಹೊಳೆಯುವ ಹುರಿಪಟ್ಟಿಗಳು ಹುಸಾರ್ ಶೈಲಿಯವು. ಹುಸಾರರೆಂದರೆ ಮೂಲತಃ ಹಂಗೇರಿಯ ಹಗುರ ಅಶ್ವಪಡೆಯವರು. ಈ ಉಡುಪನ್ನು ಅಣಕವೆಂದೋ ಬರಿಯ ಶೋಕಿಯೆಂದೋ ತಳ್ಳಿಹಾಕುವವರು ಒಂದು ವಿವರವನ್ನು ಮರೆಯುತ್ತಾರೆ: ಹೆಂಡ್ರಿಕ್ಸ್ ಸ್ವತಃ 1961-62ರಲ್ಲಿ ಸುಮಾರು ಒಂದು ವರ್ಷ ಅಮೆರಿಕದ ಸೇನೆಯಲ್ಲಿದ್ದು, ಅದರ 101ನೇ ವಾಯುಗಾಮಿ ಡಿವಿಷನ್ನಿನಲ್ಲಿ ಪ್ಯಾರಾಚೂಟಿನಿಂದ ಜಿಗಿದವನು. ಸಮವಸ್ತ್ರದ ಭಾರವನ್ನು ಬಲ್ಲ ಮನುಷ್ಯ ಅದರ ಬೆಡಗನ್ನಷ್ಟೇ ಉಳಿಸಿಕೊಂಡು ಶಿಸ್ತನ್ನು ಬಿಟ್ಟುಕೊಟ್ಟ ರೀತಿ ನನಗೆ ಇಂದಿಗೂ ಮನ ಮುಟ್ಟುತ್ತದೆ.

ಕಾನೂನಿನ ಅಡ್ಡಿ ಇತ್ತು, ಈಗಲೂ ಇದೆ. 1894ರ ಸಮವಸ್ತ್ರ ಕಾಯ್ದೆಯ ಪ್ರಕಾರ ಸೇವೆಯಲ್ಲಿಲ್ಲದವರು ಬ್ರಿಟಿಷ್ ಸೇನೆಯ ಸಮವಸ್ತ್ರವನ್ನಾಗಲಿ, ರೆಜಿಮೆಂಟಿನ ಗುರುತುಗಳಿರುವ ಉಡುಪನ್ನಾಗಲಿ ಅನುಮತಿಯಿಲ್ಲದೆ ತೊಡುವಂತಿಲ್ಲ. ಸೇನೆಗೆ ಅವಮಾನವಾಗುವಂತೆ ತೊಟ್ಟರೆ ಅದು ಪ್ರತ್ಯೇಕ ಅಪರಾಧ. ಆದರೆ ನಾಟಕ ಮತ್ತು ಮ್ಯೂಸಿಕ್ ಹಾಲ್ (ಹಾಡು-ಹಾಸ್ಯದ ರಂಗಮಂದಿರ) ಪ್ರದರ್ಶನಗಳಿಗೆ ಅದೇ ಕಾಯ್ದೆ ವಿನಾಯಿತಿ ಕೊಟ್ಟಿದೆ. ಆದ್ದರಿಂದ ವೇದಿಕೆಯ ಮೇಲಿನ ಹಾಡುಗಾರನಿಗಿಂತ, ಅವನನ್ನು ನೋಡಿ ಅದೇ ಅಂಗಿ ಕೊಂಡು ಬೀದಿಗಿಳಿದ ಅಭಿಮಾನಿಯೇ ಕಾಯ್ದೆಗೆ ಹೆಚ್ಚು ಹತ್ತಿರವಿದ್ದ. 1980ರ ಹೊತ್ತಿಗೆ ಹುಸಾರ್ ಜಾಕೆಟ್ಟಿನಲ್ಲಿ ಮೆರೆದ ಗಾಯಕ ಆಡಮ್ ಆಂಟ್, ಈ ಶತಮಾನದ ಆರಂಭದಲ್ಲಿ ಕೆಂಪು ಗಾರ್ಡ್ಸ್ ಅಂಗಿ ತೊಟ್ಟ ‘ಲಿಬರ್ಟೀನ್ಸ್’ ತಂಡ ಇದೇ ಸಾಲಿಗೆ ಸೇರುತ್ತಾರೆ.

ಪ್ರಶ್ನೆ: ತಲೆಗೂದಲನ್ನು ಬುಡಕ್ಕೆ ಕತ್ತರಿಸಿಕೊಳ್ಳುವ ಬ್ರಿಟಿಷ್ ಯುವಕರ ಗುಂಪಾದ ಸ್ಕಿನ್‌ಹೆಡ್‌ಗಳ ಬಾಂಬರ್ ಜಾಕೆಟ್ಟಿನ ಒಳಪದರ ಕಿತ್ತಳೆ ಬಣ್ಣದ್ದೇಕೆ?

ಉತ್ತರ: ಎಂಎ-1 ಎಂಬ ಆ ಜಾಕೆಟ್ಟು 1950ರ ದಶಕದಲ್ಲಿ ಅಮೆರಿಕದ ಜೆಟ್ ವಿಮಾನ ಚಾಲಕರಿಗಾಗಿ ಬಂದದ್ದು. ಒದ್ದೆಯಾದ ಚರ್ಮ ಎತ್ತರದಲ್ಲಿ ಹೆಪ್ಪುಗಟ್ಟುತ್ತಿದ್ದುದರಿಂದ ನೈಲಾನ್ ಬಳಸಿದರು. ಪ್ಯಾರಾಚೂಟಿನ ಪಟ್ಟಿಗೆ ತೊಡಕಾಗುತ್ತಿದ್ದ ತುಪ್ಪಳದ ಕಾಲರನ್ನು ಕೈಬಿಟ್ಟರು. ಕೆಳಗೆ ಬಿದ್ದ ಚಾಲಕ ಅದನ್ನು ಒಳಹೊರಗು ಮಾಡಿ ತೊಟ್ಟರೆ ಹುಡುಕುವವರಿಗೆ ದೂರದಿಂದಲೇ ಕಾಣಲಿ ಎಂದು ನಂತರ ಕಿತ್ತಳೆ ಒಳಪದರ ಸೇರಿತು. ಜಮೈಕಾದ ಸಂಗೀತವನ್ನು ಮೆಚ್ಚಿದ 1960ರ ದಶಕದ ಕೊನೆಯ ಸ್ಕಿನ್‌ಹೆಡ್‌ಗಳ ಕಾಲದಲ್ಲಿ ಇದು ಅವರ ಗುರುತಾಗಿರಲಿಲ್ಲ. ಮುಂದಿನ ತಲೆಮಾರು ಅದನ್ನು ತನ್ನದಾಗಿಸಿಕೊಂಡಿತು. ಅವರಲ್ಲಿ ಕೆಲವರು ಜನಾಂಗದ್ವೇಷಿಗಳ ಜೊತೆ ಸೇರಿದ್ದರಿಂದ ಜಾಕೆಟ್ಟಿಗೂ ಕೆಟ್ಟ ಹೆಸರು ಬಂತು. ಮೂಲ ಸ್ಕಿನ್‌ಹೆಡ್‌ಗಳು ಕಪ್ಪು ಸಂಗೀತಗಾರರ ಋಣಿಗಳೆಂಬುದನ್ನು ನೆನೆದರೆ ಇದು ನಿಜವಾಗಿ ನೋವಿನ ಸಂಗತಿ.

ಪ್ರಶ್ನೆ: ನನ್ನ ಬಳಿ ‘1951’ ಎಂದು ಪಟ್ಟಿಯಿರುವ ಪಾರ್ಕಾ ಇದೆ. ಅದು ಆ ವರ್ಷದ್ದೇ? ಹಳೆಯ ಹೊಲಿಗೆಗಳನ್ನು ಬಿಚ್ಚಿ ಸರಿಪಡಿಸಬಹುದೇ?

ಉತ್ತರ: ‘ಪಾರ್ಕಾ-ಷೆಲ್ ಎಂ-1951’ ಎಂಬುದು ಮಾದರಿಯ ವರ್ಷವೇ ಹೊರತು ತಯಾರಿಯ ವರ್ಷವಲ್ಲ. ಟೋಪಿ ಕೋಟಿನ ಜೊತೆಗೇ ಹೊಲಿದಿದ್ದು, ಹೆಗಲ ಮೇಲೆ ಪಟ್ಟಿಗಳಿದ್ದು, ಹೊರಬಟ್ಟೆ ಹತ್ತಿಯದಾಗಿದ್ದರೆ ಎಂ-51 ಇರಬಹುದು. ಟೋಪಿ ಬೇರ್ಪಡುವಂತಿದ್ದು, ಬಟ್ಟೆಯಲ್ಲಿ ನೈಲಾನ್ ಬೆರೆತಿದ್ದರೆ ಅದು ಮುಂದಿನ ಎಂ-65. ‘ಷೆಲ್’ ಎಂದರೆ ಹೊರಚಿಪ್ಪು ಮಾತ್ರ; ಗುಂಡಿಯಿಂದ ಸೇರಿಸುವ ಬೆಚ್ಚನೆಯ ಒಳಪದರ ಬೇರೆಯೇ ಸಿಗುತ್ತಿತ್ತು, ಅದು ಕಳೆದುಹೋಗಿದ್ದರೆ ಕೋಟು ಅಪೂರ್ಣವೆಂದು ಚಿಂತಿಸಬೇಡಿ.

ಬಟ್ಟೆ ಹರಿಯುವಂತಿದ್ದರೆ ಒಳಗಿನಿಂದ ತೆಳುವಾದ ಹತ್ತಿಯ ತುಂಡು ಕೊಟ್ಟು ಹೊಲಿಸಿ. ಆದರೆ ಕಿತ್ತ ಬ್ಯಾಡ್ಜಿನ ಸುತ್ತ ಉಳಿದ ಸೂಜಿತೂತುಗಳನ್ನೂ, ಅದರಡಿ ಬಿಸಿಲು ಕಾಣದೆ ಕಡುಹಸಿರಾಗಿಯೇ ಉಳಿದ ಬಟ್ಟೆಯ ವೃತ್ತವನ್ನೂ ಮುಚ್ಚಬೇಡಿ. ಆ ಕೋಟು ಯಾವುದಾದರೂ ಸ್ಕೂಟರಿನ ಮೇಲೆ ಕುಳಿತಿತ್ತೇ ಎಂಬುದಕ್ಕೆ ನಿಮ್ಮ ಕೈಯಲ್ಲಿರುವ ಸುಳಿವು ಅದೊಂದೇ.